ಹಿಂದೆ ನಿಂತು ತಳ್ಳುವ ನೀರು

ಅಪ್ಪನ ಸ್ವಭಾವ ಸೌಸನ್‌ಗೆ ಚಿಕ್ಕಂದಿನಿಂದ ಗೊತ್ತಿತ್ತು. ಹಾಜಿ ಮಿತ್ವಲ್ಲಿಯವರು ಕೇಳದೆ ಏನನ್ನೂ ಮುಟ್ಟುವವರಲ್ಲ. ನೈಲ್ ದಡದ ಮನ್ಸೂರಾದ ಹತ್ತಿ ಗಿರಣಿಯಲ್ಲಿ ಆಯುಷ್ಯವೆಲ್ಲ ಮೂಟೆ ತೂಗಿದವರು. ತಕ್ಕಡಿಯ ಮುಳ್ಳು ನಿಲ್ಲುವ ತನಕ ಬಾಯಿ ಬಿಡಬಾರದೆಂಬ ಶಿಸ್ತು ಗಿರಣಿಯಿಂದ ಮನೆಗೂ ಬಂದಿತ್ತು. ಹೆಂಡತಿ ಇಹ್ಸಾನ್ ಬದುಕಿದ್ದಾಗ ಅದನ್ನೇ ಹಿಡಿದು ನಗುತ್ತಿದ್ದಳು. "ನಿಮ್ಮಪ್ಪನ ಮುಂದೆ ಒಂದು ಲೋಟ ನೀರಿಟ್ಟು ನೋಡಿ. ಇದು ಯಾವ ಕಾಲುವೇದು ಅಂತ ಕೇಳಿ ಆಮೇಲೆ ಕುಡೀತಾರೆ" ಎನ್ನುತ್ತಿದ್ದಳು. ಇಹ್ಸಾನ್ ಕಣ್ಮುಚ್ಚಿದ ಮೇಲೆ ಇದು ಎರಡನೆಯ ರಂಜಾನ್. ಮನೆಯಲ್ಲಿ ನಗುವವರು ಹೋಗಿದ್ದರು, ಕೇಳುವ ಅಭ್ಯಾಸ ಉಳಿದಿತ್ತು.

ಆದ್ದರಿಂದ ಉಪವಾಸದ ತಿಂಗಳಿಗೆ ಮೊದಲು ಒಂದು ಶುಕ್ರವಾರ, ಊಟವಾದ ಮೇಲೆ, ಸೌಸನ್ ತಾನು ಮಾಡಿದ ಪಂಪನ್ನು ಮೇಜಿನ ಮೇಲಿಟ್ಟಾಗ ಅವರು ಕನ್ನಡಕ ಹುಡುಕಿದ್ದು ಯಾರಿಗೂ ಹೊಸದೆನಿಸಲಿಲ್ಲ.

ಪಂಪು ಎಂದು ಹೆಸರು ಮಾತ್ರ. ನೋಡಲು ಹಳೆಯ ರೇಡಿಯೋ ಬಿಚ್ಚಿದರೆ ಒಳಗೆ ಕಾಣುವ ಹಸಿರು ಹಲಗೆಯ ತುಂಡು, ಬೆಂಕಿಪೊಟ್ಟಣಕ್ಕಿಂತ ತುಸು ಉದ್ದ. ಅದರ ಮೇಲೆ ತಾಮ್ರದ ಗೆರೆಗಳು. ಒಂದು ತುದಿಯಲ್ಲಿ ಚಿನ್ನದ ಲೇಪ ಕೊಟ್ಟ ಎರಡು ಪಟ್ಟಿಗಳು, ಅವುಗಳ ಮೇಲೆ ಉಗುರಿನಗಲದ ನೀರಿನ ಗೂಡು. ಬ್ಯಾಟರಿಯ ವಿದ್ಯುತ್ತು ಹರಿದರೆ ಆ ನೀರು ಒಡೆದು ಗುಳ್ಳೆಯಾಗುತ್ತದೆ. ಗುಳ್ಳೆಗಳು ಉಬ್ಬಿ ಒಂದು ಪೊರೆಯನ್ನು ಒತ್ತುತ್ತವೆ, ಪೊರೆ ಆಚೆಗಿರುವ ಔಷಧದ ಚೀಲವನ್ನು ಒತ್ತುತ್ತದೆ, ಔಷಧ ಕೂದಲೆಳೆಯಂಥ ಕಾಲುವೆಯಲ್ಲಿ ಹರಿದು ಸೂಜಿಗೆ ಸೇರುತ್ತದೆ. ತಿರುಗುವ ಚಕ್ರವಿಲ್ಲ, ಸದ್ದಿಲ್ಲ. ಹೊರದೇಶದಿಂದ ಬರುವ ಒಂದು ಯಂತ್ರದ ಬೆಲೆಗೆ ಇಂಥವು ಒಂದು ವಾರ್ಡಿನ ಮಕ್ಕಳಿಗೆಲ್ಲ ಸಾಲುತ್ತಿದ್ದವು. ಹೊರದೇಶದ ಯಂತ್ರವಂತೂ ಬರುವುದೇ ನಿಂತಿತ್ತು.

ಇದು ಬೇಕಾಗಿದ್ದುದು ತಂಗಿ ನಗ್ಲಾಳ ಮಗಳು ಶಹದ್‌ಗೆ. ಒಂಬತ್ತು ವರ್ಷದ ಹುಡುಗಿ. ಅವಳ ಮೈ ತನಗೆ ಬೇಕಾದ ರಕ್ತವನ್ನು ತಾನೇ ಮಾಡಿಕೊಳ್ಳಲಾರದು. ಕೆಲವು ವಾರಗಳಿಗೊಮ್ಮೆ ಬೇರೆಯವರ ರಕ್ತ ಕೊಡಬೇಕು. ಆ ರಕ್ತದ ಜೊತೆ ಬರುವ ಕಬ್ಬಿಣ ಹೃದಯದಲ್ಲೂ ಯಕೃತ್ತಿನಲ್ಲೂ ಕೂತುಬಿಡುತ್ತದೆ. ಅದನ್ನು ಹೊರಗೆಳೆಯುವ ಔಷಧ ಹೊಟ್ಟೆಯ ಚರ್ಮದಡಿಗೆ ಎಂಟು ಗಂಟೆಗಳ ಕಾಲ ನಿಧಾನವಾಗಿ ಇಳಿಯಬೇಕು. ಬೇಗ ಇಳಿದರೆ ಕೇಡು, ಇಳಿಯದಿದ್ದರೆ ಇನ್ನೂ ಕೇಡು.

"ಈ ಗೂಡಿಗೆ ಹಾಕೋದು ಯಾವ ನೀರು?" ಹಾಜಿ ಕೇಳಿದರು.

"ನಾನೇ ಬಟ್ಟಿ ಇಳಿಸಿ, ಒಂಚೂರು ಅಡುಗೆ ಸೋಡಾ ಬೆರೆಸಿ ಕೊಡ್ತೀನಿ ಬಾಬಾ. ನೀಲಿ ಮುಚ್ಚಳದ ಬಾಟ್ಲೀಲಿ."

"ಆ ನೀರು ಮಗು ಮೈಯೊಳಗೆ ಹೋಗುತ್ತಾ?"

"ಇಲ್ಲ. ಅದು ಹಿಂದೆ ನಿಂತು ತಳ್ಳುತ್ತೆ, ಅಷ್ಟೇ. ಒಳಗೆ ಹೋಗೋದು ಔಷಧ ಮಾತ್ರ."

ಹಾಜಿ ಹಲಗೆಯನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. "ಹಿಂದೆ ನಿಂತು ತಳ್ಳೋದು. ಮುಂದೆ ಬರಲ್ಲ. ನಿಮ್ಮಮ್ಮನ ಹಾಗೆ" ಎಂದರು. ನಗ್ಲಾ ಎದ್ದು ತಟ್ಟೆಗಳನ್ನು ಒಳಗೆ ಒಯ್ದಳು. ಸೌಸನ್‌ಗೆ ಆಸ್ಪತ್ರೆಯ ಪ್ರಯೋಗಶಾಲೆಗೆ ಹೊತ್ತಾಗಿತ್ತು. ಅಪ್ಪ ಇನ್ನೇನೋ ಕೇಳುವವರಿದ್ದರು, ಅವಳು ಅವರ ಹಣೆಗೆ ಮುತ್ತಿಟ್ಟು ಹೊರಟುಬಿಟ್ಟಳು.

ಪಂಪಿನ ಪರೀಕ್ಷೆಗೆ ಸೇರಿದ ಮಕ್ಕಳು ಹನ್ನೆರಡು ಮಂದಿ. ಸ್ವಂತ ತಂಗಿಯ ಮಗಳನ್ನು ಸೇರಿಸಬೇಡಿ ಎಂದು ವಿಭಾಗದ ಮುಖ್ಯಸ್ಥ ಡಾಕ್ಟರ್ ಫಿಕ್ರಿ ಮೊದಲೇ ಹೇಳಿದ್ದರು. ಸೌಸನ್ ಕೇಳಿರಲಿಲ್ಲ. ಬೇರೆಯವರ ಮಕ್ಕಳ ಹೊಟ್ಟೆಗೆ ಕಟ್ಟುವುದನ್ನು ನಮ್ಮ ಮಗುವಿಗೆ ಕಟ್ಟಲು ಹೆದರಿದರೆ ಅದು ಯಾವ ನ್ಯಾಯ ಎಂದು ವಾದಿಸಿದ್ದಳು. ಕೆಲವು ವಾರ ಎಲ್ಲವೂ ಚೆನ್ನಾಗಿ ನಡೆಯಿತು. ಶಹದ್ ಪಂಪನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಾಡಿದಳು. ಅದಕ್ಕೆ ಕಪ್ಪೆಮರಿ ಎಂದು ಹೆಸರಿಟ್ಟಳು.

ರಂಜಾನಿನ ಕೊನೆಯ ದಿನಗಳಲ್ಲಿ, ಶಾಲೆಗೆ ರಜೆಯಿದ್ದ ಒಂದು ಮಧ್ಯಾಹ್ನ, ನಗ್ಲಾ ಅತ್ತೆಯ ಮನೆಗೆ ಅಡುಗೆಗೆ ಕೂಡಿಕೊಳ್ಳಲು ಹೋಗಬೇಕಾಗಿತ್ತು. ಮಗಳನ್ನು ಅಪ್ಪನ ಮನೆಯಲ್ಲಿ ಬಿಟ್ಟು, ಸೂಜಿ ಕೂರಿಸಿ, ಗೂಡಿಗೆ ನೀರು ತುಂಬಿ, "ನಮಾಜು ಮುಗಿಸಿ ಬಂದು ಗುಂಡಿ ಒತ್ತಿ ಬಾಬಾ" ಎಂದು ಹೇಳಿ ಹೊರಟಳು. ರಾತ್ರಿಯವರೆಗೆ ಇಳಿಯಬೇಕಾದ ಔಷಧವೆಲ್ಲ ಇಳಿಹೊತ್ತಿನ ಅಸರ್ ನಮಾಜಿನೊಳಗೆ ಇಳಿದುಹೋಗಿತ್ತು. ಹುಡುಗಿಯ ಹೊಟ್ಟೆಯ ಮೇಲೆ ಕೆಂಪು ಗಡ್ಡೆ ಎದ್ದಿತು. ಅವಳು ವಾಂತಿ ಮಾಡಿಕೊಂಡು, "ಗಿದ್ದೊ, ಎಲ್ಲಾ ಕಪ್ಪಾಗ್ತಿದೆ" ಎಂದು ಅಜ್ಜನ ತೊಡೆಯ ಮೇಲೆ ಕುಸಿದಳು. ನೆರೆಯವನ ಗಾಡಿಯಲ್ಲಿ ಅವಳನ್ನು ಆಸ್ಪತ್ರೆಗೆ ಸೇರಿಸಿದರು.

ದೇವರು ದೊಡ್ಡವನು, ಹುಡುಗಿ ಉಳಿದಳು. ಮರುದಿನ ಎದ್ದು ಕೂತು ಮೊಸರು ಕೇಳಿದಳು. ಆದರೆ ಪರೀಕ್ಷೆ ನಿಂತಿತು. ಮಿಕ್ಕ ಮನೆಗಳಿಗೂ ಪಂಪು ಬಳಸಬೇಡಿ ಎಂದು ಸುದ್ದಿ ಹೋಯಿತು. ಆ ಮಕ್ಕಳಿಗೆ ಬೇರೆ ದಾರಿಯಿರಲಿಲ್ಲ.

ಆಸ್ಪತ್ರೆಯ ಓಣಿಯಲ್ಲಿ ಸೌಸನ್ ತಂಗಿಯನ್ನು ಹಿಡಿದಳು. "ಯಾವ ನೀರು ಹಾಕ್ದೆ?"

"ನಿನ್ ಬಾಟ್ಲೀದೇ ಅಕ್ಕ."

"ನೆಟ್ಟಗೆ ನೆನಪು ಮಾಡ್ಕೋ. ಅತ್ತೆ ಮನೆಗೆ ಓಡೋ ಗಡಿಬಿಡೀಲಿ ನಲ್ಲಿ ತಿರುಗಿಸಿದ್ಯಾ?"

ನಗ್ಲಾ ಅಕ್ಕನ ಮುಖವನ್ನೇ ನೋಡಿದಳು. "ನನ್ ಮಗಳ ಹೊಟ್ಟೆಗೆ ಸೂಜಿ ಚುಚ್ಚೋಳು ನಾನು. ದಿನಾ. ನೀನಲ್ಲ. ಗಡಿಬಿಡಿ ಅಂತೆ." ಆಮೇಲೆ ಅವಳು ಮಗಳ ವಾರ್ಡಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಡಾಕ್ಟರ್ ಫಿಕ್ರಿ ಸೌಸನ್‌ಳನ್ನು ಕೋಣೆಗೆ ಕರೆದರು. ಬೈಯಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. "ಭಾನುವಾರ ಸಮಿತಿ ಕೂಡುತ್ತೆ, ಡಾಕ್ಟರೇ. ಪಂಪಿನ ತಪ್ಪೋ, ಮನೆಯವರ ತಪ್ಪೋ, ಏನಾದರೂ ಒಂದು ಹೇಳಬೇಕು. ಕಾರಣ ಸಿಕ್ಕರೆ ಮುಂದುವರಿಸೋಣ. ಸಿಗದಿದ್ದರೆ ಎಲ್ಲವನ್ನೂ ವಾಪಸ್ ತಗೊಂಡು ಡಬ್ಬಕ್ಕೆ ಹಾಕಿ. ನಿಮ್ಮ ತಂಗಿ ಮುಲುಖಿಯಾ ಸೊಪ್ಪಿನ ಸಾರನ್ನೇ ಸುರಿದಿದ್ದರೋ ಏನೋ, ಯಾರಿಗೆ ಗೊತ್ತು."

ಸೌಸನ್ ಪ್ರಯೋಗಶಾಲೆಯ ಬಾಗಿಲು ಹಾಕಿಕೊಂಡು ಶಹದ್‌ಳ ಪಂಪನ್ನು ಬಿಚ್ಚಿದಳು. ಗೂಡಿನೊಳಗೆ ಒಂದು ಪಟ್ಟಿಯ ಮೇಲೆ ಬಿಳಿ ಹಕ್ಕಳೆ ಕಟ್ಟಿತ್ತು, ಚಹದ ಕೆಟಲಿನ ತಳದಲ್ಲಿ ಕೂರುವಂಥದು. ಅವಳು ಕೊಟ್ಟ ನೀರಿನಲ್ಲಿ ಸುಣ್ಣವಿಲ್ಲ. ಮೂಲೆಯಲ್ಲಿ ಒಂದೆರಡು ಹನಿ ಉಳಿದಿತ್ತು. ಅವುಗಳಿಗೆ ತಂತಿ ತಾಗಿಸಿ ನೋಡಿದಳು. ನಲ್ಲಿಯ ನೀರು, ಅಂದರೆ ನೈಲ್ ನದಿಯ ನೀರು, ಇಷ್ಟು ವಿದ್ಯುತ್ತನ್ನು ಹಾಯಗೊಡುವುದಿಲ್ಲ. ಇದು ಕಲ್ಲಿನಡಿಯಿಂದ ಬಂದ, ಉಪ್ಪು ಸುಣ್ಣ ತುಂಬಿದ ಬಾವಿಯ ನೀರು. ಮನ್ಸೂರಾದಲ್ಲಿ ಯಾರ ಮನೆಯಲ್ಲಿ ಬಾವಿಯಿದೆ?

ಕೇಳಿಕೊಂಡ ಕೂಡಲೇ ಅವಳಿಗೆ ಉತ್ತರ ತಿಳಿಯಿತು.

ಅಪ್ಪ ಅಮ್ಮ ಒಟ್ಟಿಗೆ ಹಜ್‌ಗೆ ಹೋಗಿ ಬಂದಾಗ ಸತ್ತಾಗ ಹೊದಿಸಲು ಇಬ್ಬರ ಕಫನ್ ಬಟ್ಟೆಯನ್ನೂ ಅಲ್ಲಿನ ಪವಿತ್ರ ಬಾವಿಯ ಝಮ್‌ಝಮ್ ನೀರಿನಲ್ಲಿ ಅದ್ದಿ ಒಣಗಿಸಿ ತಂದಿದ್ದರು. ಜೊತೆಗೆ ಕ್ಯಾನಿನಲ್ಲಿ ನೀರು. ನೆಂಟರಿಗೂ ಓಣಿಯವರಿಗೂ ಹಂಚಿ ಉಳಿದದ್ದರಲ್ಲಿ ಅರ್ಧ ಅಮ್ಮನ ಕೊನೆಯ ದಿನ ಅವಳ ತುಟಿಗೆ ಹೋಯಿತು. ಇನ್ನರ್ಧ ಅಪ್ಪನ ಕಪಾಟಿನಲ್ಲಿ, ಅವರ ಕಫನ್ ಪಕ್ಕದಲ್ಲಿ, ಬಿಳಿ ಬಾಟಲಿಯಲ್ಲಿ ಇತ್ತು. ಅದು ಯಾವುದಕ್ಕೆ ಎಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ಅವಳ ಕಣ್ಣು ಮತ್ತೆ ಹಲಗೆಯ ಮೇಲೆ ಬಿತ್ತು. ಬ್ಯಾಟರಿಯ ಪಕ್ಕದಲ್ಲಿ ಎರಡು ಖಾಲಿ ಬೊಟ್ಟುಗಳಿದ್ದವು, ಅವುಗಳ ಮೇಲೆ ಒಂದು ತುಂಡು ತಂತಿ ಬೆಸೆದಿತ್ತು. ಅಲ್ಲಿ ಸಾಸಿವೆ ಕಾಳಿನಂಥ ಒಂದು ಭಾಗ ಕೂರಬೇಕಿತ್ತು. ನೀರು ಯಾವುದೇ ಇರಲಿ, ವಿದ್ಯುತ್ತು ಮಿತಿ ಮೀರದಂತೆ ಹಿಡಿಯುವ ಭಾಗ. ಅದು ಬಂದರಿನಲ್ಲಿ ಸಿಕ್ಕಿಬಿದ್ದಿತ್ತು. ನೀರನ್ನು ತಾನೇ ಕೊಡುತ್ತೇನಲ್ಲ, ಗೂಡನ್ನು ಯಾರು ತೆರೆಯುತ್ತಾರೆ ಎಂದುಕೊಂಡು ಅವಳು ತಂತಿ ಬೆಸೆದು ಮುಂದೆ ಹೋಗಿದ್ದಳು. ಬೆಸೆದ ದಿನ ಅದು ತಪ್ಪೆಂದು ಅನ್ನಿಸಿರಲಿಲ್ಲ.

ಶನಿವಾರ ಉಪವಾಸ ಬಿಡುವುದಕ್ಕೆ ಮುಂಚೆ ಅವಳು ಅಪ್ಪನ ಮನೆಗೆ ಹೋದಳು. ಹಾಜಿ ಅಡುಗೆಮನೆಯಲ್ಲಿ ಒಣಹಣ್ಣುಗಳನ್ನು ನೆನೆಹಾಕುತ್ತಿದ್ದರು. ಇಹ್ಸಾನ್ ಮಾಡುತ್ತಿದ್ದ ಹಾಗೆಯೇ, ಏಪ್ರಿಕಾಟನ್ನು ನಾಲ್ಕು ಸೀಳಾಗಿ ಹರಿದು. ಮಗಳನ್ನು ನೋಡಿ ಮುಖ ಅರಳಿತು.

"ಬಾ, ಡಾಕ್ಟರಮ್ಮ. ನಿನಗೊಂದು ಮಾತು ಹೇಳಬೇಕು ಅಂತಲೇ ಇದ್ದೆ."

"ಹೇಳಿ ಬಾಬಾ."

"ಯಾರ ಹತ್ತಿರಾನೂ ಹೇಳಿಲ್ಲ. ಪುಣ್ಯದ ಕೆಲಸ ಬಾಯಲ್ಲಿ ಆಡಬಾರದು." ಅವರು ಕೈ ಒರೆಸಿಕೊಂಡರು. "ಅವತ್ತು ಮಗು ನನ್ನ ಕೇಳ್ತು, ಗಿದ್ದೊ, ಈ ಸೂಜಿ ಎಲ್ಲಿ ತನಕ, ಯಾವಾಗ ಮುಗಿಯುತ್ತೆ ಅಂತ. ನಾನೇನು ಹೇಳಲಿ? ದೊಡ್ಡ ಡಾಕ್ಟರಿಗೂ ಗೊತ್ತಿಲ್ಲದ ಮಾತು. ನಮಾಜು ಮಾಡ್ದೆ. ಆಮೇಲೆ ಕಪಾಟು ತೆಗೆದೆ. ನಗ್ಲಾ ಹಾಕಿದ್ದ ನೀರು ಚೆಲ್ಲಿ, ಝಮ್‌ಝಮ್ ತುಂಬಿ, ಬಿಸ್ಮಿಲ್ಲಾ ಅಂತ ಗುಂಡಿ ಒತ್ತಿದೆ."

ಸೌಸನ್ ಕಣ್ಣು ಕಪಾಟಿದ್ದ ಕೋಣೆಯ ಕಡೆ ಹೋಯಿತು.

"ಒಳಗೆ ಹೋಗಲ್ಲ, ಹಿಂದೆ ನಿಂತು ತಳ್ಳುತ್ತೆ ಅಂತ ನೀನೇ ಹೇಳಿದ್ದೆ. ಕೇಳಿಕೊಂಡೇ ಮಾಡಿದ್ದು. ಇನ್ನು ನೋಡು, ನಿನ್ನ ಯಂತ್ರ ಕೆಟ್ಟುಹೋಯ್ತು, ಔಷಧ ಎಲ್ಲಾ ಒಮ್ಮೆಗೇ ನುಗ್ಗಿತು, ಆದರೂ ಮಗು ಉಳೀತು. ಯಾಕೆ ಉಳೀತು?" ಅವರ ಕಣ್ಣು ತುಂಬಿತ್ತು. "ನನ್ನ ಸಾವಿಗೆ ಅಂತ ಇಟ್ಟಿದ್ದ ನೀರು ಸೌಸನ್. ಅವಳ ಬದುಕಿಗೆ ಆಯ್ತು. ನಿಮ್ಮಮ್ಮ ಇದ್ದಿದ್ದರೆ ಹೇಳ್ತಿದ್ದೆ. ಅವಳಿಲ್ಲ, ನಿನಗೆ ಹೇಳ್ದೆ."

ಬಾಂಗು ಕೂಗಿತು. ಅಪ್ಪ ಅವಳ ಕೈಗೆ ಖರ್ಜೂರ ಇಟ್ಟರು. ಅದರ ಬೀಜವನ್ನು ಅಂಗೈಯಲ್ಲಿ ಹಿಡಿದುಕೊಂಡೇ ಅವಳು ಮನೆಗೆ ಹೋದಳು.

ಭಾನುವಾರ ಸಮಿತಿ ಕೂಡಿತು. ಮೂವರು ವೈದ್ಯರು, ಡಾಕ್ಟರ್ ಫಿಕ್ರಿ, ಸೌಸನ್. ಅವಳು ಬಿಳಿ ಹಕ್ಕಳೆಯನ್ನು ತೋರಿಸಿ, ಗೂಡಿಗೆ ಬೇರೆ ನೀರು ಬಿದ್ದಿದೆ ಎಂಬಲ್ಲಿಗೆ ಬಂದು ತಡೆದಳು. ಅಷ್ಟರಲ್ಲಿ ಬಾಗಿಲು ತೆರೆದು ನಗ್ಲಾ ಒಳಗೆ ಬಂದಳು. ಅವಳನ್ನು ಕರೆದಿರಲಿಲ್ಲ.

"ನಲ್ಲಿ ನೀರು ಹಾಕಿದ್ದು ನಾನೇ" ಎಂದಳು ನಗ್ಲಾ, ಯಾರ ಮುಖವನ್ನೂ ನೋಡದೆ. "ಬಾಟ್ಲಿ ಖಾಲಿಯಾಗಿತ್ತು. ತಪ್ಪಾಯ್ತು. ಪಂಪು ಮಕ್ಕಳಿಗೆ ವಾಪಸ್ ಕೊಡಿ."

ಡಾಕ್ಟರ್ ಫಿಕ್ರಿ ಕುರ್ಚಿಗೆ ಒರಗಿದರು. "ಅಂತೂ ಕಾರಣ ಸಿಕ್ತು. ಹೀಗಾಗುತ್ತೆ ಅಂತ ನಾನು ಮೊದಲೇ ಅಂದಿದ್ದೆ. ಬಾಟ್ಲಿ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿ, ಮುಗೀತು."

ಅದು ಸುಳ್ಳೆಂದು ಸೌಸನ್‌ಗೆ ಗೊತ್ತು. ನಲ್ಲಿಯ ನೀರಿಗೆ ಆ ವೇಗ ಬರುವುದಿಲ್ಲ. ಆದರೆ ಆ ಸುಳ್ಳು ಎಷ್ಟು ಸುಲಭವಾಗಿತ್ತು. ಪಂಪು ಉಳಿಯುತ್ತಿತ್ತು, ಹನ್ನೊಂದು ಮಕ್ಕಳಿಗೆ ಇವತ್ತೇ ಔಷಧ ಸಿಗುತ್ತಿತ್ತು, ಅಪ್ಪನ ಪುಣ್ಯ ಅಪ್ಪನ ಬಳಿಯೇ ಇರುತ್ತಿತ್ತು. ತಂಗಿಯ ಹೆಸರು ಮಾತ್ರ ಕೆಡುತ್ತಿತ್ತು, ಅದನ್ನು ತಂಗಿ ತಾನಾಗಿ ಕೊಟ್ಟಿದ್ದಳು. ಸೌಸನ್ ಬಾಯಿ ತೆರೆಯಲಿಲ್ಲ. ಎಷ್ಟು ಹೊತ್ತು ತೆರೆಯಲಿಲ್ಲ ಎಂಬುದನ್ನು ಆಮೇಲೆ ಅವಳು ಬಹಳ ಸಲ ಲೆಕ್ಕ ಹಾಕಿದಳು. ಚಿಕ್ಕ ಹೊತ್ತೇ. ಆದರೂ ತೆರೆಯಲಿಲ್ಲ.

"ಅವಳು ಸುಳ್ಳು ಹೇಳ್ತಿದ್ದಾಳೆ" ಎಂದು ಬಾಗಿಲಿನಿಂದ ಯಾರೋ ಅಂದರು.

ಹಾಜಿ ಮಿತ್ವಲ್ಲಿಯವರು ನಿಂತಿದ್ದರು. ಮೈಮೇಲೆ ಇಸ್ತ್ರಿ ಮಾಡಿದ ಉದ್ದ ನಿಲುವಂಗಿ, ಗಲಾಬಿಯಾ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಬಿಳಿ ಬಾಟಲಿ. ಅವರ ಹಿಂದೆ ಕಾವಲಿನವನು, "ಹಾಜಿ, ಹೇಳದೆ ನುಗ್ಗಿಬಿಟ್ರಿ" ಎನ್ನುತ್ತಿದ್ದ.

"ವಾರ್ಡಿನಲ್ಲಿರೋ ಮಗುವಿಗೆ ಇದರದೊಂದು ಹನಿ ಕೊಡೋಣ ಅಂತ ಬಸ್ಸಿನಲ್ಲಿ ಇವಳ ಪಕ್ಕದಲ್ಲೇ ಕೂತು ಬಂದೆ. ಏನು ಹೇಳೋದಕ್ಕೆ ಹೊರಟಿದ್ದಾಳೆ ಅಂತ ಇಳಿಯುವಾಗ ಹೇಳಿದಳು. ಉಪವಾಸದ ಬಾಯಲ್ಲಿ ಸುಳ್ಳು." ಅವರು ಬಾಟಲಿಯನ್ನು ಮೇಜಿನ ಮೇಲಿಟ್ಟರು. "ನೀರು ಹಾಕಿದ್ದು ನಾನು. ಝಮ್‌ಝಮ್. ಮಗಳ ಮೇಲೆ ತಪ್ಪು ಹೊರಿಸಬೇಡಿ, ಇದರಲ್ಲಿ ತಪ್ಪೇ ಇಲ್ಲ. ಆ ನೀರಿನ ದಯದಿಂದ ಮಗು ಉಳಿದದ್ದು."

ಒಬ್ಬ ವೈದ್ಯರು ಪೆನ್ನು ಕೆಳಗಿಟ್ಟು ತಲೆ ತಗ್ಗಿಸಿದರು. ಹಾಜಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ತಕ್ಕಡಿಯ ಮುಳ್ಳು ನಿಲ್ಲದಿದ್ದಾಗ ನೋಡುವ ಹಾಗೆ ನೋಡಿ, ಕೊನೆಗೆ ಮಗಳ ಕಡೆ ತಿರುಗಿದರು.

"ಯಾಕಮ್ಮ ಎಲ್ಲರೂ ಸುಮ್ಮನಾದರು? ನೀನು ಹೇಳು."

"ಬಾಬಾ, ಮನೇಲಿ ಮಾತಾಡೋಣ."

"ಇಲ್ಲೇ ಹೇಳು. ನಾನು ಇಲ್ಲೇ ಕೇಳಿದ್ದೇನೆ."

ಅವಳು ಹೇಳಿದಳು. ಎದ್ದು ನಿಂತು ಹೇಳಿದಳು, ಏಕೆಂದರೆ ಕೂತು ಹೇಳುವುದಾಗಲಿಲ್ಲ. ಆ ನೀರಿನಲ್ಲಿ ಸುಣ್ಣ ಉಪ್ಪು ಹೆಚ್ಚು. ಅದರಲ್ಲಿ ವಿದ್ಯುತ್ತು ಜೋರಾಗಿ ಹಾಯುತ್ತದೆ, ಗುಳ್ಳೆ ಬೇಗ ಏಳುತ್ತದೆ, ಔಷಧ ಒಮ್ಮೆಗೇ ನುಗ್ಗುತ್ತದೆ. ಯಂತ್ರ ಕೆಟ್ಟಿರಲಿಲ್ಲ. ನೀರು ಮೈಯೊಳಗೆ ಹೋಗಲಿಲ್ಲ, ಆದರೆ ತಳ್ಳಿದ್ದು ಅದೇ.

ಹಾಜಿಯವರ ಕೈ ಬಾಟಲಿಯ ಮೇಲಿತ್ತು. ಅವರು ಅದನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು.

"ನಿನ್ನನ್ನ ಕೇಳಿದ್ದೆ" ಎಂದರು.

"ಕೇಳಿದ್ರಿ. ನಾನು ಅರ್ಧ ಉತ್ತರ ಕೊಟ್ಟು ಎದ್ದು ಹೋದೆ." ಅವಳು ಸಮಿತಿಯ ಕಡೆ ತಿರುಗಿ, ಹಲಗೆಯ ಮೇಲಿನ ತುಂಡು ತಂತಿಯನ್ನು ತೋರಿಸಿದಳು. ಅಲ್ಲಿ ಏನು ಇರಬೇಕಿತ್ತು, ಏಕೆ ಇಲ್ಲ ಎಂಬುದನ್ನು ಹೇಳಿದಳು. "ನಮ್ಮ ಮನೆಗಳಲ್ಲಿ ಝಮ್‌ಝಮ್ ಇರುತ್ತೆ. ಮಗು ಅತ್ತರೆ ಯಾರಾದರೂ ಅದನ್ನ ತೆಗೀತಾರೆ. ಅದನ್ನ ಯೋಚಿಸದೆ ಪಂಪು ಮಾಡಿದ್ದು ನನ್ನ ತಪ್ಪು. ಆ ಭಾಗ ಬರೋ ತನಕ ಒಂದೂ ಮನೆಗೆ ಕೊಡಕೂಡದು."

ಡಾಕ್ಟರ್ ಫಿಕ್ರಿ ವರದಿಯಲ್ಲಿ ಅದನ್ನೇ ಬರೆದರು. ಪಂಪುಗಳನ್ನೆಲ್ಲ ವಾಪಸ್ ತರಿಸಿದರು. ತಾಯಂದಿರು ಸೌಸನ್‌ಳ ಕೋಣೆಗೆ ಬಂದು ಹಸಿರು ಹಲಗೆಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು ಹೋದರು. ಒಬ್ಬಾಕೆ, "ಅಮ್ಮಾ, ಎಷ್ಟು ದಿನ ಅಂತ ಹೇಳಿ. ಮೈಯಲ್ಲಿರೋ ಕಬ್ಬಿಣ ಅಲ್ಲಿ ತನಕ ಕಾದುಕೊಂಡಿರುತ್ತಾ?" ಎಂದು ಕೇಳಿದಳು. ಸೌಸನ್ ಗೊತ್ತಿಲ್ಲ ಎಂದಳು.

ಹಬ್ಬ ಬಂತು, ಹೋಯಿತು. ಹಾಜಿಯವರ ಮನೆಯಲ್ಲಿ ಹಬ್ಬದ ಬಿಸ್ಕತ್ತುಗಳನ್ನು ಯಾರೂ ಹೆಚ್ಚು ತಿನ್ನಲಿಲ್ಲ. ಅವರು ಮಗಳ ಮೇಲೆ ಸಿಟ್ಟಾಗಲಿಲ್ಲ, ದೇವರ ಮೇಲಂತೂ ಆಗುವವರಲ್ಲ. ಮಸೀದಿಗೆ ಹೋಗಿ ಬರುತ್ತಿದ್ದರು. ಆದರೆ ಎರಡು ಬದಲಾವಣೆಗಳನ್ನು ಸೌಸನ್ ಕಂಡಳು. ಅಪ್ಪ ಏನನ್ನೂ ಕೇಳುವುದನ್ನು ಬಿಟ್ಟಿದ್ದರು. ಕೊಟ್ಟದ್ದನ್ನು ತಿನ್ನುತ್ತಿದ್ದರು, ಕೊಟ್ಟ ಗುಳಿಗೆ ನುಂಗುತ್ತಿದ್ದರು. ಇನ್ನೊಂದು, ಶಹದ್ ಓಡಿ ಬಂದು ಅಪ್ಪಿಕೊಂಡರೆ ಅವರ ಎರಡು ಕೈಗಳೂ ಗಲಾಬಿಯಾದ ಜೇಬಿನಲ್ಲಿರುತ್ತಿದ್ದವು. ಮೊದಲು ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಓದದೆ ಬಿಡುತ್ತಿರಲಿಲ್ಲ.

"ಗಿದ್ದೊಗೆ ಚಳೀನಾ?" ಎಂದು ಹುಡುಗಿ ತಾಯಿಯನ್ನು ಕೇಳಿದಳು. ನಗ್ಲಾ ಅಕ್ಕನ ಕಡೆ ನೋಡಿದಳು. ಅಕ್ಕತಂಗಿಯರ ನಡುವೆ ಮಾತು ಇನ್ನೂ ಪೂರ್ತಿ ಹರಿದಿರಲಿಲ್ಲ.

ಬಂದರಿನಿಂದ ಆ ಭಾಗ ಬಿಡುಗಡೆಯಾಗಿ ಬಂದಾಗ ಬೇಸಗೆ ಕಾಲಿಟ್ಟಿತ್ತು. ಸೌಸನ್ ತಂತಿಯ ತುಂಡುಗಳನ್ನು ಕಿತ್ತು ಹೊಸ ಹಲಗೆಗಳಿಗೆ ಅದನ್ನು ಕೂರಿಸಿದಳು. ಸೋಡಾ ಬೆರೆಸಿದ ತನ್ನ ನೀರಿನಲ್ಲಿ ನೋಡಿದಳು, ನಲ್ಲಿಯ ನೀರಿನಲ್ಲಿ ನೋಡಿದಳು. ಇನ್ನೊಂದು ನೀರು ಉಳಿದಿತ್ತು. ಅದನ್ನು ಬೇರೆ ಯಾರ ಮನೆಯಿಂದಲಾದರೂ ತರಬಹುದಿತ್ತು, ಸಹೋದ್ಯೋಗಿಯೊಬ್ಬಳು ಕೊಡುತ್ತೇನೆ ಎಂದೂ ಹೇಳಿದ್ದಳು. ಆದರೆ ಶುಕ್ರವಾರ ಊಟವಾದ ಮೇಲೆ ಅವಳು ಹಲಗೆಯನ್ನು ಅಪ್ಪನ ಮೇಜಿನ ಮೇಲಿಟ್ಟಳು.

"ಬಾಬಾ, ಒಂದು ಚಮಚ ಝಮ್‌ಝಮ್ ಬೇಕಿತ್ತು."

ಅವರು ತಲೆ ಎತ್ತಿದರು. "ಯಾತಕ್ಕೆ?" ಎನ್ನುವ ಮಾತು ತುಟಿಗೆ ಬಂದು ನಿಂತದ್ದು ಅವಳಿಗೆ ಕಂಡಿತು.

"ಈ ಪಂಪಿಗೆ ಹಾಕಿ ನೋಡಬೇಕು. ಮಗುವಿಗಲ್ಲ, ಕಾಫಿ ಲೋಟಕ್ಕೆ. ನಾಳೆ ಯಾರೋ ಒಬ್ಬ ಅಜ್ಜ ಹಾಕೇ ಹಾಕ್ತಾರೆ. ಹಾಕಿದರೂ ಏನೂ ಆಗಬಾರದು."

ಅವರು ಹಲಗೆಯನ್ನೊಮ್ಮೆ ನೋಡಿದರು. ಆಮೇಲೆ ಎದ್ದು ಒಳಗೆ ಹೋದರು. ಕಪಾಟಿನ ಬಾಗಿಲು ಕಿರ್ರೆಂದಿತು. ಬಾಟಲಿಯಲ್ಲಿ ಉಳಿದಿದ್ದುದು ಹೆಚ್ಚೇನಿಲ್ಲ. ಅವರೇ ಚಮಚಕ್ಕೆ ಹುಯ್ದು, ಅಂಚಿನ ಮಟ್ಟ ನೋಡಿ, ಮಗಳ ಕೈಗೆ ಕೊಟ್ಟರು. ಅವಳು ಗೂಡು ತುಂಬಿ, ಬಿಸ್ಮಿಲ್ಲಾ ಎಂದು ಗುಂಡಿ ಒತ್ತಿದಳು.

ಕೊಳವೆಯ ತುದಿಯಿಂದ ಹನಿ ಇಳಿಯತೊಡಗಿತು. ಹಾಜಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ತಸ್ಬಿ ಹಿಡಿದು ಕೂತರು. ಹನಿಗೊಂದು ಮಣಿ ಜಾರಿಸಿದರು. ಮೊದಲು ಅವರ ಬೆರಳು ಗಡಿಬಿಡಿಯಲ್ಲಿತ್ತು, ಹನಿಗಿಂತ ಮುಂದೆ ಓಡುತ್ತಿತ್ತು. ಬರಬರುತ್ತ ಹನಿಯ ಜೊತೆಗೆ ಬಂದು ನಿಂತಿತು. ಅಸರ್ ಬಾಂಗು ಕೂಗಿದಾಗಲೂ ಹನಿ ಮೊದಲಿನ ನಡೆಯಲ್ಲೇ ಇತ್ತು.

"ಸೌಸನ್" ಎಂದರು ಅವರು, ಲೋಟದ ಮೇಲಿಂದ ಕಣ್ಣು ತೆಗೆಯದೆ. "ಇನ್ನೊಂದು ಸಲ ಹೇಳು. ಈ ನೀರು ಏನೇನು ಮಾಡುತ್ತೆ?"

ಅವಳು ಎದುರಿಗೆ ಕೂತಳು. ಮೊದಲಿನಿಂದ ಹೇಳಿದಳು. ನೀರು ಹೇಗೆ ಒಡೆಯುತ್ತದೆ, ಗುಳ್ಳೆ ಹೇಗೆ ಏಳುತ್ತದೆ, ಆ ಸಾಸಿವೆ ಕಾಳು ಯಾವುದನ್ನು ಹಿಡಿಯುತ್ತದೆ, ಯಾವುದನ್ನು ಹಿಡಿಯಲಾರದು. ಅವರು ನಡುನಡುವೆ ಕೇಳಿದರು, ಅವಳು ಗಡಿಯಾರ ನೋಡಲಿಲ್ಲ. ಸುಣ್ಣದ ವಿಷಯವನ್ನೂ ಹೇಳಿದಳು. ವಿದ್ಯುತ್ತು ಮೀರದಿದ್ದರೂ ಪಟ್ಟಿಯ ಮೇಲೆ ಬಿಳಿ ಕಟ್ಟುತ್ತದೆ, ಪಂಪು ಬೇಗ ಸವೆಯುತ್ತದೆ, ಅದಕ್ಕೆ ಅವಳ ಬಳಿ ಉಪಾಯವಿಲ್ಲ.

"ಮತ್ತೆ ಈ ಚಳಿಗಾಲದಿಂದ ಮಕ್ಕಳ ಮೈಯಲ್ಲಿ ಕೂತ ಕಬ್ಬಿಣ?"

"ಕೂತಿದೆ ಬಾಬಾ. ಶಹದ್‌ದೂ ಏರಿದೆ. ತೆಗೀಬೇಕು. ಎಲ್ಲಾ ಬರುತ್ತೋ ಇಲ್ಲವೋ ಗೊತ್ತಿಲ್ಲ."

ಅವರು ತಲೆಯಾಡಿಸಿದರು. ಬಾಟಲಿಯನ್ನು ಬೆಳಕಿಗೆ ಹಿಡಿದು ತಳದಲ್ಲಿ ಉಳಿದದ್ದನ್ನು ನೋಡಿದರು. "ತುಟಿ ಒದ್ದೆ ಆಗುವಷ್ಟಿದೆ" ಎಂದು ಮುಚ್ಚಳ ತಿರುಗಿಸಿದರು.

ಮೆಟ್ಟಿಲಲ್ಲಿ ಚಪ್ಪಲಿಯ ಸದ್ದಾಯಿತು. ಶಹದ್ ಯಾವಾಗಲೂ ಓಡಿಕೊಂಡೇ ಹತ್ತುವವಳು. ಬಾಗಿಲು ದೂಡಿಕೊಂಡು ಬಂದು, ಮೇಜನ್ನು ಕಂಡು, "ಕಪ್ಪೆಮರಿ ಬಂತಾ?" ಎಂದು ನುಗ್ಗಿದಳು. ಮೇಜು ಅಲುಗಿತು. ಹಾಜಿಯವರ ಎಡಗೈ ಜೇಬಿಗೆ ಹೋಗಿತ್ತು. ಬಲಗೈ ಹೊರಗೇ ಉಳಿದು ಲೋಟವನ್ನು ಹಿಡಿದಿತ್ತು.

"ಮೆಲ್ಲಗೆ" ಎಂದರು. "ಇನ್ನೂ ಮುಗಿದಿಲ್ಲ."